ನಮಗೆ ಹಿಮದ ಹಲಗೆ ಆರಿಸಿಕೊಟ್ಟವರು

ರಾಣೆಬೆನ್ನೂರಿನ ಸಾವ್ಕಾರ್ರು ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ಸುವರ್ಣಾ ಫೋನ್ ಮಾಡಿ 'ಮಾವ ಹೋದ' ಎಂದಾಗ ನಾನು ಬ್ಯಾಡಗಿಯ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಆರಿಸುವುದನ್ನು ಮುಗಿಸಿಯೇ ಎದ್ದೆ. ಹೋದವರ ಬಗ್ಗೆ ಬರೆಯುವಾಗ ಒಳ್ಳೆಯ ಮಾತಿನಿಂದ ಆರಂಭಿಸುವುದು ರೂಢಿ. ಅಂಥ ಮಾತು ನನ್ನ ಬಳಿ ಎರಡೇ ಇವೆ. ಅವರ ಬಿಳಿ ಅಂಗಿ ಸದಾ ಸ್ವಚ್ಛವಾಗಿರುತ್ತಿತ್ತು. ತಂದೆಯಿಲ್ಲದ ತಂಗಿಯ ಮಗಳನ್ನು, ಅಂದರೆ ಈ ಸುವರ್ಣಾಳನ್ನು, ಕುಪ್ಪೇಲೂರಿನಿಂದ ಕರೆತಂದು ಹೊಟ್ಟೆಬಟ್ಟೆಗೆ ಕಡಿಮೆ ಮಾಡದೆ ಸಾಕಿದರು. ಮೂರನೆಯ ಮಾತಿಗೆ ನಾನು ಬಹಳ ಹುಡುಕಿದೆ, ಸಿಗಲಿಲ್ಲ.

ಸ್ಟೇಶನ್ ರಸ್ತೆಯಲ್ಲಿ ಅವರ ಆಟದ ಸಾಮಾನಿನ ಅಂಗಡಿಯಿತ್ತು. ಹಲಗೇರಿಯ ಶಾಲೆಯಾಗಲಿ ಕುಪ್ಪೇಲೂರಿನ ಶಾಲೆಯಾಗಲಿ, ವಾಲಿಬಾಲ್ ನೆಟ್ಟಿಗೂ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ಶೀಲ್ಡಿಗೂ ಅಲ್ಲಿಗೇ ಬರಬೇಕು. ಮೊದಲು ದರ್ಜಿಯಾಗಿದ್ದರಂತೆ. ಹಾಗಾಗಿ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಅದನ್ನು ತೆಗೆದು ಅವರು ಯಾರನ್ನಾದರೂ ಅಳೆದದ್ದನ್ನು ನಾನು ನೋಡಿಲ್ಲ. ಗಿರಾಕಿ ಬಂದರೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುವರು. ನೋಡಿ, ಇಂಥ ನಂಬರಿನ ಬೂಟು, ಇಷ್ಟು ತೂಕದ ಬ್ಯಾಟು ಎಂದು ತೀರ್ಪು ಕೊಡುವರು. ಬೂಟು ಕಚ್ಚಿದರೆ ತಪ್ಪು ಕಾಲಿನದು. ಬ್ಯಾಟು ಭಾರವಾದರೆ ಹುಡುಗ ಉಂಡಿಲ್ಲ.

'ನನಗೆ ಗೊತ್ತಿಲ್ಲ' ಎಂಬ ಮಾತು ಆ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ. ಹಲಗೇರಿಯ ಒಬ್ಬ ಹುಡುಗಿ ಗುಂಡು ಎಸೆತಕ್ಕೆ ಅಭ್ಯಾಸ ಮಾಡಲು ಕಬ್ಬಿಣದ ಗುಂಡು ಕೇಳಿ ಬಂದಿದ್ದಳು. ಹುಡುಗಿಯರ ಗುಂಡಿಗೆ ಬೇರೆ ತೂಕವಿರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ಕೇಳಿದರೆ ಸಣ್ಣವರಾಗುತ್ತಾರಲ್ಲ. ಗಂಡಸರ ಗುಂಡನ್ನೇ ಕೊಟ್ಟು, ಭಾರದ ಸಾಮಾನೇ ದೂರ ಹೋಗುವುದು ಎಂದು ಹೇಳಿ ಕಳಿಸಿದರು. ಆ ಹುಡುಗಿ ಒಂದು ತಿಂಗಳು ಅದನ್ನು ಎಸೆದೆಸೆದು ಭುಜ ಉಳುಕಿಸಿಕೊಂಡಳು. ಅವಳ ದೈವ, ತಾಲೂಕು ಕ್ರೀಡಾಕೂಟದಲ್ಲಿ ಸರಿಯಾದ ಗುಂಡು ಕೈಗೆ ಬಂದಾಗ ಅದು ಹಗುರೆನಿಸಿ, ಉಳುಕಿನ ಭುಜದಲ್ಲೇ ಎರಡನೇ ಸ್ಥಾನ ಬಂದಳು. ಮುಂದಿನ ಒಂದು ವರ್ಷ ಸಾವ್ಕಾರ್ರು ಬಂದ ಬಂದವರಿಗೆ ಹೇಳಿದ್ದು ಆ ಎರಡನೇ ಸ್ಥಾನದ ಕಥೆಯನ್ನು. ಭುಜದ ಕಥೆಯನ್ನಲ್ಲ.

ಅಂಗಡಿಯ ಗೋಡೆಯಲ್ಲಿ ಒಂದು ದೊಡ್ಡ ಫೋಟೋ ಇತ್ತು. ಕಪ್ಪು ತುಪ್ಪಳದ ಕೋಟು ತೊಟ್ಟು, ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದು ಸಾವ್ಕಾರ್ರು ಹಿಮದ ಮೇಲೆ ನಿಂತಿದ್ದರು. ಬೀಜದ ವ್ಯಾಪಾರಿಗಳ ಒಂದು ಪ್ರವಾಸದಲ್ಲಿ ಅವರ ದಾಯಾದಿಯೊಬ್ಬ ಜ್ವರ ಬಂದು ಉಳಿದಾಗ ಅವನ ಬದಲಿಗೆ ಇವರು ಹಿಮಾಚಲಕ್ಕೆ ಹೋಗಿಬಂದಿದ್ದರು. ಹಿಮ ನೋಡಿದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ಹೀಗಾಗಿ ಸಾವ್ಕಾರ್ರ ಮಾತನ್ನು ಅಲ್ಲಗಳೆಯುವವರೂ ಇರಲಿಲ್ಲ.

ಈಗ ನಮ್ಮ ವಿಷಯ. ಏಳು ವರ್ಷದ ಹಿಂದೆ ನಾನು ಮತ್ತು ಸುವರ್ಣಾ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ, ಇಬ್ಬರೂ ಖಾಸಗಿ ಶಾಲೆಗಳಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದೆವು. ನಾನು ಬ್ಯಾಡಗಿಯಲ್ಲಿ, ಅವಳು ರಾಣೆಬೆನ್ನೂರಿನಲ್ಲಿ. ಕಾಲೇಜಿನ ಖೋಖೋ ತಂಡದಲ್ಲಿ ಅವಳು ಓಡಿದರೆ ಬೆನ್ನಟ್ಟಿದವರಿಗೆ ಗಾಳಿ ಮಾತ್ರ ಸಿಗುತ್ತಿತ್ತು. ಬೇಸಿಗೆಗೆ ಸರಕಾರಿ ಶಿಕ್ಷಕರ ನೇಮಕಾತಿಯಿತ್ತು, ಅದರಲ್ಲಿ ಓಟದ, ಜಿಗಿತದ ಪರೀಕ್ಷೆಗಳಿದ್ದವು. ಅವಳಿಗೆ ಆ ನೌಕರಿ ಖಂಡಿತ, ನನಗೆ ಅನುಮಾನ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ಆ ಚಳಿಗಾಲದಲ್ಲಿ ಸಾಹಸ ಶಿಬಿರಗಳನ್ನು ನಡೆಸುವ ಒಂದು ಸಂಸ್ಥೆಯಿಂದ ಹಾವೇರಿಯ ಕ್ರೀಡಾ ಕಚೇರಿಗೆ ಪತ್ರ ಬಂತು. ಹಿಮಾಚಲದಲ್ಲಿ ಸ್ನೋಬೋರ್ಡ್ ಕಲಿಸುವ ಶಿಬಿರ, ಜಿಲ್ಲೆಯಿಂದ ಇಬ್ಬರು ಮಹಿಳೆಯರು ಬರಬಹುದು. ಎರಡೂ ಪಾದಗಳನ್ನು ಒಂದೇ ಹಲಗೆಗೆ ಅಡ್ಡಲಾಗಿ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅದು. ಪ್ರಮಾಣಪತ್ರ ಸಿಕ್ಕರೆ ನೇಮಕಾತಿಗೆ ಒಳ್ಳೆಯದಾದೀತೆಂದು ಹೆಸರು ಕೊಟ್ಟೆವು, ಆಯ್ಕೆಯಾದೆವು.

ನಮಗೆ ಕೊಟ್ಟ ಪತ್ರದ ಪ್ರತಿ ಇಂಗ್ಲಿಷಿನಲ್ಲಿತ್ತು. ನಾವು ಕನ್ನಡ ಶಾಲೆಯವರು, ಆದರೂ ಕೂತು ಓದಿದ್ದರೆ ತಿಳಿಯುತ್ತಿತ್ತು. ಸಾವ್ಕಾರ್ರು ಅದನ್ನು ಕೈಯಿಂದ ಕಿತ್ತುಕೊಂಡು ಅಂಗಡಿಯಲ್ಲಿ ನಿಂತು ಅರ್ಥ ಹೇಳಿದರು. ಸ್ವಂತ ಸಾಮಾನು ತರುವವರಿಗೆ ಆದ್ಯತೆ ಎಂದು ಮೊದಲ ಪುಟದ ಕೊನೆಯಲ್ಲಿತ್ತು. ಅಷ್ಟಕ್ಕೇ ಪತ್ರ ಮಡಚಿಟ್ಟರು. ತರದವರಿಗೆ ಅಲ್ಲೇ ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇವೆ, ಹೊಸಬರು ಕೊಳ್ಳುವ ಅವಸರ ಮಾಡಬೇಡಿರಿ ಎಂಬುದು ಎರಡನೆಯ ಪುಟದಲ್ಲಿತ್ತು. ಅದನ್ನು ನಾನು ಓದಿದ್ದು ರೈಲಿನಲ್ಲಿ.

ನಮ್ಮಿಬ್ಬರ ಸಾಮಾನನ್ನೂ ತಾವೇ ಕಾಣಿಕೆಯಾಗಿ ಕೊಡುವುದಾಗಿ ಸಾವ್ಕಾರ್ರು ಸಾರಿದರು. ಉದಾರತೆ ಎಂದು ನಾನೂ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಕಾಣಿಕೆ ಕೊಟ್ಟವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ದಿಲ್ಲಿಯಲ್ಲಿ ಅವರಿಗೊಬ್ಬ ವ್ಯಾಪಾರಿಯ ಪರಿಚಯವಿತ್ತು, ಪರದೇಶದ ಪ್ರವಾಸಿಗಳು ಮಾರಿ ಹೋದ ಸಾಮಾನು ಮಾರುವವನು. ಅವನಿಗೆ ಫೋನ್ ಮಾಡಿ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡವು, ಬಣ್ಣ ಚೆನ್ನಾಗಿರುವವು ಎರಡು ಕಳಿಸೆಂದರು. ನಮ್ಮ ಎತ್ತರ ಕೇಳಲಿಲ್ಲ, ತೂಕ ಕೇಳಲಿಲ್ಲ. ಕೊರಳಲ್ಲಿ ಟೇಪು ಇದ್ದೇ ಇತ್ತು.

ಹಲಗೆಗಳು ಬಂದ ದಿನ ಅಂಗಡಿಯ ಮುಂದೆ ಜನ ನೆರೆಯಿತು. ಕೆಂಪು ಬೆಂಕಿಯ ಚಿತ್ರವಿದ್ದ, ಬಾಗಿಸಿದರೆ ಬಾಗದ ಬಿರುಸಾದ ಎರಡು ಹಲಗೆಗಳು. ನಿಲ್ಲಿಸಿದರೆ ನನ್ನ ತಲೆಗಿಂತ ನಾಲ್ಕು ಬೆರಳು ಮೇಲೆ, ಸುವರ್ಣಾಳ ತಲೆಗಿಂತ ಒಂದು ಗೇಣು ಮೇಲೆ. ಇಷ್ಟು ಉದ್ದ ಯಾಕೆಂದು ನಾನು ಕೇಳಿದೆ. ಉದ್ದವಿದ್ದಷ್ಟೂ ಹಿಮದಲ್ಲಿ ಹುಗಿಯುವುದಿಲ್ಲ ಎಂದರು. ಬೂಟುಗಳು ಒಂಬತ್ತನೆಯ ನಂಬರಿನವು. ನಾವಿಬ್ಬರೂ ಹಾಕುತ್ತಿದ್ದುದು ಐದು. ಚಳಿಗೆ ಕಾಲು ಬಾತುಕೊಳ್ಳುತ್ತದೆ, ಸಡಿಲವೇ ಇರಬೇಕು ಎಂದು ಹೇಳಿ, ಬೂಟಿನ ಮುಂಭಾಗಕ್ಕೆ ಹಿಂಜಿದ ಹತ್ತಿ ತುರುಕಿಕೊಟ್ಟರು. ಕೈಗೆ ವಿಕೆಟ್ ಕೀಪರನ ಒಳಗೈಗವಸು. ಮೈಗೆ ಸ್ವೆಟರಿನ ಮೇಲೆ ರೇನ್‌ಕೋಟು, ಕೆಳಗೆ ಜೀನ್ಸ್. ತಲೆಗೆ ಏನು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

"ಹೆಲ್ಮೆಟ್ ಯಾತಕ್ಕ? ಹಿಮ ಅಂದ್ರ ಹತ್ತಿ ಅರಳಿ ಇದ್ದಂಗ. ಬಿದ್ರ ಇನ್ನೊಮ್ಮೆ ಬೀಳಬೇಕು ಅನಸ್ತೈತಿ."

ಕೊನೆಗೆ ಪಾದ ಕಟ್ಟುವ ಪಟ್ಟಿಗಳನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿಯುವ ಕೆಲಸ. ಯಾವ ಕಾಲು ಮುಂದಿರಬೇಕೆಂಬುದು ಕಲಿಯುವವರ ಮೈಗೆ ತಕ್ಕಂತೆ ಇರುತ್ತದೆ. ಒಬ್ಬರಿಗೆ ಎಡ ಸಲೀಸು, ಇನ್ನೊಬ್ಬರಿಗೆ ಬಲ. ಸಾವ್ಕಾರ್ರು ಒಂದೇ ಕ್ಷಣದಲ್ಲಿ ತೀರ್ಮಾನಿಸಿದರು. ಮನೆಗೆ ಬರುವ ಸೊಸೆ ಬಲಗಾಲು ಮುಂದಿಟ್ಟು ಬರುತ್ತಾಳೆ, ಶುಭಕಾರ್ಯಕ್ಕೆ ಹೋಗುವವರು ಬಲಗಾಲು ಮುಂದಿಟ್ಟು ಹೋಗುತ್ತಾರೆ, ಆದ್ದರಿಂದ ಎರಡೂ ಹಲಗೆಯಲ್ಲಿ ಬಲಗಾಲೇ ಮುಂದೆ. ಖೋಖೋದಲ್ಲಿ ಸುವರ್ಣಾ ಎಡಗಾಲಿನಿಂದ ತಿರುಗುವವಳು. ಅವಳು ಅದನ್ನು ಮೆಲ್ಲಗೆ ಹೇಳಿದಳು. ಅವರು ಸ್ಕ್ರೂ ತಿರುಗಿಸುತ್ತಲೇ ಇದ್ದರು.

ಹೋಗುವ ಮುಂಚೆ ಅಭ್ಯಾಸ ಬೇಕೆಂದು ನಮ್ಮನ್ನು ಹತ್ತಿ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿಗೆ ಕರೆದೊಯ್ದರು. ಅಂಗಳದಲ್ಲಿ ಹತ್ತಿಕಾಳಿನ ಗುಡ್ಡೆ ಬಿದ್ದಿತ್ತು. ಹಿಮವೂ ಇದೂ ಒಂದೇ ಎಂದು ಹೇಳಿ, ನಮ್ಮನ್ನು ಅದರ ನೆತ್ತಿಗೆ ಹತ್ತಿಸಿ, ಹಲಗೆ ಕಟ್ಟಿಸಿ, ಜಾರಿರೆಂದರು. ಹಲಗೆ ಜಾರಲಿಲ್ಲ. ಹತ್ತಿಕಾಳು ಕುಸಿದು, ನಾವು ಸೊಂಟದವರೆಗೆ ಹುಗಿದು ನಿಂತೆವು. ಮಿಲ್ಲಿನ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ಸಾವ್ಕಾರ್ರು ಕೆಳಗೆ ನಿಂತು, ಎಡಗಣ್ಣು ಮುಚ್ಚಿ, ಮಂಡಿ ಮಡಚಿರೆಂದು ಕೂಗುತ್ತಿದ್ದರು. ನಮ್ಮನ್ನು ಇಬ್ಬರು ಹಮಾಲರು ಬಂದು ಎಳೆದು ತೆಗೆದರು. ಅಭ್ಯಾಸ ಸಾಕಾಯಿತೆಂದು ಸಾವ್ಕಾರ್ರು ಸಮಾಧಾನದಿಂದ ಹೇಳಿದರು.

ಹುಬ್ಬಳ್ಳಿಯಿಂದ ದಿಲ್ಲಿಯವರೆಗೆ ಎರಡು ದಿನ ನಾನು ಅವರನ್ನು ಅಣಕಿಸುತ್ತಲೇ ಹೋದೆ. ಗೋಣಿಯಲ್ಲಿ ಸುತ್ತಿದ ಹಲಗೆಗಳನ್ನು ಕಂಡು ಬೋಗಿಯವರು ಬಾಗಿಲೋ ಮೇಜೋ ಎಂದು ಕೇಳಿದರೆ, ನಾನು ಎಡಗಣ್ಣು ಮುಚ್ಚಿ, ಟವೆಲ್ಲನ್ನು ಟೇಪಿನಂತೆ ಕೊರಳಿಗೆ ಹಾಕಿಕೊಂಡು ಸಾವ್ಕಾರ್ರ ದನಿಯಲ್ಲಿ ಉತ್ತರ ಕೊಡುತ್ತಿದ್ದೆ. ಇಡೀ ಬೋಗಿ ನಗುತ್ತಿತ್ತು. ಎರಡನೆಯ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದೆ. ಸುವರ್ಣಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಶಿಬಿರದ ಊರಿಗೆ ಇಳಿದ ಮೊದಲ ದಿನವೇ ಸಾವ್ಕಾರ್ರ ಫೋಟೋದ ಗುಟ್ಟು ಬಯಲಾಯಿತು. ರಸ್ತೆಯ ಪಕ್ಕದಲ್ಲಿ ತಂತಿಗೆ ತೂಗುಹಾಕಿದ ನೂರಾರು ಕಪ್ಪು ತುಪ್ಪಳದ ಕೋಟುಗಳಿದ್ದವು. ಪ್ರವಾಸಿಗಳು ಅದನ್ನು ಬಾಡಿಗೆಗೆ ತೊಟ್ಟು, ಫೋಟೋದವನು ಕೊಟ್ಟ ಪಟ್ಟಿಗಳನ್ನು ಕೈಯಲ್ಲಿ ಹಿಡಿದು, ಕ್ಲಿಕ್ ಆದಮೇಲೆ ವಾಪಸು ಕೊಟ್ಟು ಬಸ್ಸು ಹತ್ತುತ್ತಿದ್ದರು. ಪಟ್ಟಿಗಳನ್ನು ಯಾರೂ ಕಾಲಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾನು ಸುವರ್ಣಾಳ ತೋಳು ಹಿಡಿದು ಅದನ್ನು ತೋರಿಸಿದೆ. ಅವಳು ನೋಡಿ, ತನ್ನ ಹಲಗೆಯ ಗೋಣಿಯನ್ನು ಹೆಗಲಿಗೇರಿಸಿ ಮುಂದೆ ನಡೆದಳು.

ಕಲಿಸುವವನು ಗುಡ್ಡಗಾಡಿನ ಗಿಡ್ಡ ಮನುಷ್ಯ, ಮಾತು ಕಡಿಮೆ. ನಮ್ಮ ಹಲಗೆಗಳನ್ನು ಎತ್ತಿ ನೋಡಿ, ಇವು ಆರಡಿ ಗಂಡಸಿನವು, ಅದೂ ಹತ್ತು ವರ್ಷ ಜಾರಿದವನಿಗೆ ಎಂದು ಹಿಂದಿಯಲ್ಲಿ ಹೇಳಿದ. ಹೊಸಬರ ಹಲಗೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು, ಸ್ವಲ್ಪ ಬಾಗಬೇಕು. ಎಲ್ಲಕ್ಕಿಂತ ಮೊದಲು ಆರಿಸಬೇಕಾದದ್ದು ಬೂಟು, ಅದರೊಳಗೆ ಹಿಮ್ಮಡಿ ಒಂದು ಎಳೆಯಷ್ಟೂ ಮೇಲೇಳಬಾರದು. ಹತ್ತಿಯನ್ನೂ ಜೀನ್ಸನ್ನೂ ಹಿಡಿದು, ಇವು ನೀರು ಕುಡಿಯುತ್ತವೆ, ಆಮೇಲೆ ಮೈಯ ಬಿಸಿಯನ್ನು ಕುಡಿಯುತ್ತವೆ ಎಂದ. ಯಾರು ಆರಿಸಿದರು ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸುವರ್ಣಾ, ನಾವೇ ಎಂದಳು.

ಕೋಣೆಯೊಂದರಲ್ಲಿ ಬಾಡಿಗೆಯ ಸಾಮಾನಿತ್ತು. ಅವನು ನನ್ನನ್ನು ಹಿಂದಿನಿಂದ ಮೆಲ್ಲಗೆ ತಳ್ಳಿ, ಬೀಳದಂತೆ ಯಾವ ಕಾಲು ಮುಂದೆ ಹೋಯಿತೆಂದು ನೋಡಿದ. ನನ್ನದು ಎಡ. ಹಲಗೆ ಗದ್ದಕ್ಕೆ ಹಿಡಿದು ನೋಡಿದ, ಬೂಟು ಬಿಗಿದು ತುದಿಗಾಲಲ್ಲಿ ನಿಲ್ಲಿಸಿ ಹಿಮ್ಮಡಿ ಮುಟ್ಟಿದ. ಮಣಿಕಟ್ಟಿಗೆ ಕಾಪು, ತಲೆಗೆ ಹೆಲ್ಮೆಟ್ ಕೊಟ್ಟ. ಒಂದು ಕಾಸಿನ ಜಂಬವಿಲ್ಲದೆ ಹತ್ತು ನಿಮಿಷದಲ್ಲಿ ಮುಗಿದ ಕೆಲಸ. ಸುವರ್ಣಾಳಿಗೂ ತೆಗೆದುಕೊಟ್ಟ. ಅವಳು ಹೆಲ್ಮೆಟ್ ಮಾತ್ರ ತೆಗೆದುಕೊಂಡು, ಉಳಿದದ್ದು ತನ್ನದಿದೆ ಎಂದಳು. ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ, ಬೇರೆಯವರು ಕಾಯುತ್ತಿದ್ದರು.

ಎರಡು ದಿನ ನಾನು ಬಿದ್ದೆ, ಎದ್ದೆ, ಸ್ವಲ್ಪ ಜಾರಿದೆ. ಸುವರ್ಣಾ ಬಿದ್ದಳು, ಬಿದ್ದಳು. ಅಷ್ಟು ಉದ್ದದ ಹಲಗೆ ಅವಳು ತಿರುಗಿಸಿದರೆ ತಿರುಗುತ್ತಿರಲಿಲ್ಲ, ತಾನೇ ಅವಳನ್ನು ತಿರುಗಿಸುತ್ತಿತ್ತು. ಮೂರನೆಯ ದಿನ ಮುಂಜಾನೆ ಹಿಮ ಗಟ್ಟಿಯಾಗಿ ಕಲ್ಲಿನಂತಾಗಿತ್ತು. ಸಣ್ಣ ಇಳಿಜಾರೇ, ಶಾಲೆಯ ಮೈದಾನದಷ್ಟು. ಹಲಗೆಯ ಅಂಚು ಎಲ್ಲೋ ಕಚ್ಚಿಕೊಂಡು ಗಕ್ಕನೆ ನಿಂತಿತು. ಸಡಿಲ ಬೂಟಿನೊಳಗೆ ಅವಳ ಬಲಗಾಲು ಒಂದು ಕಡೆ ತಿರುಗಿತು, ಬೂಟು ಇನ್ನೊಂದು ಕಡೆ. ನಾನು ತಲುಪಿದಾಗ ಅವಳು ಹಿಮದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ಒಳಗಿನಿಂದ ನೀರಿಳಿಯುವ ಹತ್ತಿ ಹೊರಗೆ ಬಂತು. ಕಣಕಾಲು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಪ್ಲಾಸ್ಟರ್ ಹಾಕಿಸಿದ ಮೇಲೆ ನಾನು ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಆಮೇಲೆ ಸಾವ್ಕಾರ್ರು ಕೇಳಿದ ಮೊದಲ ಪ್ರಶ್ನೆ ಇದು:

"ಯಾವ ಕಾಲು ಮುಂದ ಇಟ್ಟಿದ್ಲು?"

ನೀವು ಸ್ಕ್ರೂ ಹಾಕಿದ ಕಾಲೇ ಎಂದೆ. ಲೈನು ಸರಿಯಿಲ್ಲ, ಕೇಳುವುದಿಲ್ಲ ಎಂದರು.

ವಾಪಸು ಬಂದ ತಿಂಗಳಲ್ಲಿ ಹಾವೇರಿಯ ಒಂದು ಸಭೆಯಲ್ಲಿ ನಮಗೆ ಸನ್ಮಾನ ಇಟ್ಟುಕೊಂಡರು. ಅದನ್ನೂ ಸಾವ್ಕಾರ್ರೇ ಓಡಾಡಿ ಮಾಡಿಸಿದ್ದು. ಜಿಲ್ಲೆಯಲ್ಲಿ ಮೊದಲು ಸ್ನೋಬೋರ್ಡ್ ಕಲಿತವರು ಎಂದು ಬ್ಯಾನರು. ಸುವರ್ಣಾ ಬರಲಾರದೆ ಮನೆಯಲ್ಲಿ ಕಾಲು ಚಾಚಿ ಮಲಗಿದ್ದಳು. ವೇದಿಕೆಯ ಮೇಲೆ ನಾನು, ನನ್ನ ಪಕ್ಕದಲ್ಲಿ ಅವರು. ನನಗೆ ಶಾಲು ಹೊದಿಸಿ ಆದಮೇಲೆ ಮೈಕು ಹಿಡಿದರು.

"ನಾ ಬಲಗಾಲು ಮುಂದಿಡು ಅಂತ ಹೇಳಿ ಕಳಿಸಿದ್ದೆ. ನಮ್ಮ ಹುಡುಗಿ ಅಲ್ಲಿ ಹೋಗಿ ಅಂಜಿ ಎಡಗಾಲು ಇಟ್ಟಾಳ. ಸಾಮಾನಿನಾಗ ಏನೂ ಫರಕ ಇದ್ದಿಲ್ರಿ. ಇಕಿನ್ನ ನೋಡ್ರಿ, ಅದೇ ಸಾಮಾನಿನಾಗ ಹೆಂಗ ಕಲತು ಬಂದಾಳ."

ಸಭೆ ಚಪ್ಪಾಳೆ ತಟ್ಟಿತು. ಹಿಮದ ಮೇಲೆ ನಾನು ಅವರ ಸಾಮಾನನ್ನು ಒಂದು ದಿನವೂ ಮುಟ್ಟಿರಲಿಲ್ಲ. ಎದ್ದು ಹೇಳಬಹುದಿತ್ತು, ಮೈಕು ಒಂದು ಮಾರು ದೂರದಲ್ಲಿತ್ತು. ಶಾಲಿನ ಅಂಚನ್ನು ಸರಿಮಾಡಿಕೊಳ್ಳುತ್ತ ಕೂತೆ. ಯಾಕೆಂದು ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಪ್ರಮಾಣಪತ್ರ ಕೈಯಲ್ಲಿತ್ತು, ನೇಮಕಾತಿ ಮುಂದಿತ್ತು, ಚಪ್ಪಾಳೆ ಹಿತವಾಗಿತ್ತು. ಅದಕ್ಕಿಂತ ಒಳ್ಳೆಯ ಕಾರಣ ಇನ್ನೂ ಸಿಕ್ಕಿಲ್ಲ.

ಬೇಸಿಗೆಯ ಪರೀಕ್ಷೆಗೆ ಸುವರ್ಣಾ ಕೋಲು ಹಿಡಿದು ಬಂದಿದ್ದಳು, ನನ್ನ ಚೀಲ ಹಿಡಿದುಕೊಳ್ಳಲಿಕ್ಕೆ. ನಾನು ಓಡಿದೆ, ಜಿಗಿದೆ, ಆಯ್ಕೆಯಾದೆ. ಹೊಸರಿತ್ತಿಯ ಕಡೆಯ ಶಾಲೆಯೊಂದರಲ್ಲಿ ನೌಕರಿ ಸಿಕ್ಕಿತು. ಅವಳ ಕಣಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ. ಮಳೆಗಾಲದಲ್ಲಿ ಹೆಚ್ಚು ಕುಂಟುತ್ತಾಳೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತಳು. ಸಾವ್ಕಾರ್ರು ಮುಂದೆ ನಿಂತು ಎಡಗಣ್ಣು ಮುಚ್ಚಿ ನಂಬರು ಹೇಳುತ್ತಲೇ ಹೋದರು. ಮುರಿದ ಕಾಲಿನ ಹುಡುಗಿ ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ಕೂತಿರುವಾಗಲೂ ಬೂಟು ಕೊಳ್ಳಲು ಬಂದವರಿಗೆ ಹಿಮದ ಮೇಲಿನ ಆಟದ ಬಗ್ಗೆ ಉಪದೇಶ ಮಾಡುತ್ತಿದ್ದರು. ನಾನು ಹೋದಾಗ ಅದನ್ನು ಕಿವಿಯಾರೆ ಕೇಳಿದ್ದೇನೆ. ಅಂಥ ಮನುಷ್ಯನಿಗೆ ನಾಚಿಕೆ ಎಂಬುದು ಸ್ಟಾಕಿನಲ್ಲಿ ಬರುವುದೇ ಇಲ್ಲ.

ಅವರ ಹದಿಮೂರನೆಯ ದಿನ ಕಳೆದ ಮೇಲೆ ನಾನು ರಾಣೆಬೆನ್ನೂರಿಗೆ ಹೋದೆ. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಸುವರ್ಣಾ ಒಬ್ಬಳೇ ಹಳೆಯ ಟ್ರೋಫಿಗಳನ್ನು ಒರೆಸಿ ಜೋಡಿಸುತ್ತಿದ್ದಳು. ಅಳು ಮುಗಿದ ಮುಖ. ನನಗೆ ಸಮಾಧಾನ ಹೇಳಲು ಬರಲಿಲ್ಲ. ಏಳು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತೇ ಹೊರಗೆ ಬಂತು.

"ನೀ ಯಾಕ ಆ ಬೂಟ್ ಹಾಕ್ಕೊಂಡಿ, ಸುವರ್ಣಾ? ಕಲಿಸಾಂವ ನಿನಗೂ ಬ್ಯಾರೆ ಕೊಟ್ಟಿದ್ನಲ್ಲ. ಮಾವಗ ಅಷ್ಟ ಅಂಜತಿದ್ದ್ಯೇನು?"

ಅವಳು ಒರೆಸುತ್ತಿದ್ದ ಟ್ರೋಫಿಯನ್ನು ಕೆಳಗಿಟ್ಟಳು.

"ಮಾವಗಲ್ಲ, ನಿನಗ ಅಂಜಿದ್ದೆ. ನಾ ಬಾಡಿಗಿ ಬೂಟ್ ಹಾಕ್ಕೊಂಡಿದ್ರ, ಸಾವ್ಕಾರ್ರು ಕೊಟ್ಟದ್ದು ಅವರ ತಂಗಿ ಮಗಳೂ ಮುಟ್ಟಲಿಲ್ಲ ಅಂತ ನೀ ಊರಾಗ ಬಂದು ಹೇಳತಿದ್ದಿ. ರೈಲಿನಾಗ ಎರಡು ದಿನ ನಿನ್ನ ಕೇಳಿದ್ದೆನಲ್ಲ."

ನಾನು ಹಾಗೆ ಹೇಳುತ್ತಿರಲಿಲ್ಲ ಎನ್ನಲು ಹೋದೆ. ಹೇಳುತ್ತಿದ್ದೆ. ರೈಲಿನಲ್ಲೇ ಆ ಮಾತನ್ನು ಜೋಡಿಸಿಟ್ಟುಕೊಂಡಿದ್ದೆ.

"ಮಾವಗ ಏನೂ ತಿಳಿಯೂದಿಲ್ಲ ಅಂತ ನನಗ ಸಣ್ಣಾಕಿ ಇದ್ದಾಗಿಂದ ಗೊತ್ತು. ಆದ್ರ ಊರು ಅವನ್ನ ನೋಡಿ ನಗೂದು ನನಗ ನೋಡಾಕ ಆಗತಿರಲಿಲ್ಲ. ಎರಡು ದಿನ ಜಾರಿ, ಬರತೈತಿ ಅಂತ ನಿನಗ ತೋರಿಸಿ, ಆಮ್ಯಾಲೆ ಬದಲಿ ಮಾಡಬೇಕು ಅಂತ ಇದ್ದೆ."

ಮೂರನೆಯ ದಿನ ಬದಲಾಯಿಸುವವಳಿದ್ದಳು. ಮೂರನೆಯ ದಿನ ಮುಂಜಾನೆಯೇ ಬಿದ್ದಳು.

ಆ ಮನುಷ್ಯನ ಮೇಲಿನ ನನ್ನ ತಿರಸ್ಕಾರ ಇದರಿಂದ ಒಂದು ಗುಂಜಿಯೂ ಕಡಿಮೆಯಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರು ಅವರು. ಮಲಗಿದ್ದ ಹುಡುಗಿಯ ಮೇಲೆ ಮೈಕಿನಲ್ಲಿ ಸುಳ್ಳು ಹೇಳಿದವರೂ ಅವರು. ಆದರೆ ಇಷ್ಟು ವರ್ಷ ಆ ತಿರಸ್ಕಾರವನ್ನು ನಾನು ಸುವರ್ಣಾಳ ಪರವಾಗಿ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಅದನ್ನು ನನ್ನಿಂದ ಬೇಡಿರಲೇ ಇಲ್ಲ.

ಇಲ್ಲಿಯ ವಾರಪತ್ರಿಕೆಗೆ ನಾನು ಆಗಾಗ ಬರೆಯುವುದುಂಟು. ನಿನ್ನ ಮಾವನ ಬಗ್ಗೆ ಬರೆಯಬೇಕೆಂದಿದ್ದೇನೆ, ಇದ್ದದ್ದನ್ನು ಇದ್ದ ಹಾಗೆ, ಎಂದು ಹೇಳಿದೆ. ಬೇಡ ಎಂದರೆ ಬಿಡುತ್ತೇನೆ ಎಂದೂ ಹೇಳಿದೆ. ಅವಳು ಕೆಳಗಿಟ್ಟ ಟ್ರೋಫಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಬರಿ. ಅವನ ಹೆಸರು ಹಾಕಬ್ಯಾಡ. ನಿನ್ನ ಹೆಸರು ಹಾಕು."

ಅಷ್ಟು ಹೇಳಿ ಚಹಾ ಇಡಲು ಒಳಗೆ ಹೋದಳು. ಅವಳು ನಡೆಯುವುದು ಕಾಣಬಾರದೆಂದು ನಾನು ರಸ್ತೆಯ ಕಡೆ ತಿರುಗಿ ಕೂತೆ.